ಬೆಣ್ಣಿಹಳ್ಳದ ಉಪ್ಪನ್ನು ಎಲ್ಲಿ ಹಿಡಿಯಬೇಕು?

ನವಲಗುಂದ ತಾಲ್ಲೂಕಿನ ಯಮನೂರಿಗೆ ಚಾಂಗದೇವರ ಉರುಸಿಗೆಂದು ಬರುವ ಭಕ್ತರು ಬೆಣ್ಣಿಹಳ್ಳಕ್ಕಿಳಿದು ಮೀಯುತ್ತಾರೆ. ಮಿಂದರೆ ಚರ್ಮದ ಬೇನೆ ಹೋಗುತ್ತದೆಂಬುದು ಅವರ ನಂಬಿಕೆ. ಇದೇ ಹಳ್ಳದ ನೀರು ಹಾಕಿ ದೀಪ ಹಚ್ಚುವ ಆಚರಣೆಯೂ ಅಲ್ಲಿದೆ. ಇಷ್ಟು ಪವಿತ್ರವಾದ ನೀರು ಕುಡಿಯಲು ಮಾತ್ರ ಆಗದು. ಬಾಯಿಗಿಟ್ಟರೆ ಸವಳು.

ಇದು ಇತ್ತೀಚಿನ ಕೇಡಲ್ಲ. 1884ರ ಧಾರವಾಡ ಗೆಜೆಟಿಯರಿನಲ್ಲೇ ಬೆಣ್ಣಿಹಳ್ಳದ ನೀರು ಸವಳು, ಕುಡಿಯಲು ಯೋಗ್ಯವಲ್ಲ ಎಂಬ ಮಾತಿದೆ. ಆಗ ಮಲಪ್ರಭೆಗೆ ನವಿಲುತೀರ್ಥದ ಅಣೆಕಟ್ಟಿರಲಿಲ್ಲ, ರಸಗೊಬ್ಬರವಿರಲಿಲ್ಲ. ಉಪ್ಪು ಈ ನೆಲದ್ದೇ.

ದುಂಡಶಿಯ ಬಳಿ ಹುಟ್ಟುವ ಹಳ್ಳ ಹುಬ್ಬಳ್ಳಿ, ನವಲಗುಂದ, ನರಗುಂದ, ರೋಣ ಸೀಮೆಗಳನ್ನು ಹಾದು ಮಲಪ್ರಭೆಯನ್ನು ಸೇರುತ್ತದೆ. ಚಿಕ್ಕನರಗುಂದದ ಸುತ್ತಮುತ್ತ ಕಾಣುವಂಥ ಎರಿಭೂಮಿಯಲ್ಲಿ ಉಪ್ಪು ಉಳಿದದ್ದು ಹೀಗೆ: ಕಲ್ಲು ಸವೆದು ಮಣ್ಣಾಗುವಾಗ ಬಿಡುಗಡೆಯಾದ ಸೋಡಿಯಂ, ಮೆಗ್ನೀಸಿಯಂ ಲವಣಗಳನ್ನು ತೊಳೆದೊಯ್ಯುವಷ್ಟು ಮಳೆ ಇಲ್ಲಿ ಬೀಳುವುದಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಬಿದ್ದರೆ, ಬಿಸಿಲು ಹೀರುವ ಶಕ್ತಿ ಅದಕ್ಕಿಂತ ಎಷ್ಟೋ ಹೆಚ್ಚು. ಒಳಗಿಳಿದ ನೀರು ಲವಣವನ್ನು ಕರಗಿಸಿಕೊಂಡು ಹಳ್ಳದ ದಂಡೆಯಲ್ಲಿ ಒರತೆಯಾಗಿ ಜಿನುಗುತ್ತದೆ. ಮಳೆಗಾಲದ ಪ್ರವಾಹದಲ್ಲಿ ಅದು ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಹರಿವು ಇಳಿದಾಗ ಸವಳು ನಾಲಿಗೆಗೆ ತಾಗುತ್ತದೆ.

1970ರ ದಶಕದಲ್ಲಿ ಮಲಪ್ರಭಾ ಕಾಲುವೆ ಬಂತು. ಗೋವಿನಜೋಳ ಬಂತು. ಬಸಿಯಲು ದಾರಿಯಿಲ್ಲದ ಎರಿಮಣ್ಣಿನಲ್ಲಿ ನೀರು ನಿಂತು ನೆಲ ಜವಳಾಗಿ ಅಂತರ್ಜಲ ಮೇಲೇರಿದ ಕಡೆ, ಅಡಿಯಲ್ಲಿದ್ದ ಉಪ್ಪೂ ಅದರೊಂದಿಗೆ ಮೇಲೆ ಬಂತು. ಮಲಪ್ರಭಾ ಅಚ್ಚುಕಟ್ಟಿನ ರೈತರ ಬಾಯಲ್ಲಿ ‘ಸವಳು–ಜವಳು’ ಜೋಡಿಪದವಾಯಿತು. ಕಾಲುವೆ ಬಂದ ಹೊಲಗಳ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯವನ್ನು ನಾಡು ಮರೆತಿಲ್ಲ. ಬೆಳ್ಳಗೆ ಉಪ್ಪು ಹೂತ ಹೊಲಗಳ ಬಗ್ಗೆ ಅಷ್ಟು ದೊಡ್ಡ ಕೂಗು ಎದ್ದೇ ಇಲ್ಲ.

ನದಿಯ ಉಪ್ಪು ಇಳಿಸಲು ಹೊರಟ ಬೇರೆ ದೇಶಗಳ ಅನುಭವ ಒಂದೇ ದಾರಿ ತೋರಿಸುತ್ತದೆ: ನದಿಗೆ ಬೆರೆಯುವ ಮೊದಲೇ ಉಪ್ಪನ್ನು ಹಿಡಿಯಬೇಕು. ಅಮೆರಿಕದ ಟೆಕ್ಸಾಸ್‌ನ ಎಸ್ಟೆಲಿನ್‌ನಲ್ಲಿ ಉಪ್ಪಿನ ಬುಗ್ಗೆಯ ಸುತ್ತ 1964ರಲ್ಲಿ ಉಂಗುರದಂಥ ಒಡ್ಡು ಕಟ್ಟಿದರು. ಒಳಗೆ ನಿಂತ ನೀರಿನ ಭಾರಕ್ಕೇ ಬುಗ್ಗೆಯ ಹರಿವು ಅಡಗಿತು. ಕೊಲರಾಡೊದ ಪ್ಯಾರಡಾಕ್ಸ್ ಕಣಿವೆಯಲ್ಲಿ ಡೊಲೊರೆಸ್ ನದಿಗೆ ಸೇರುವ ಉಪ್ಪುನೀರನ್ನು ಬಾವಿಗಳಿಂದ ಮೊದಲೇ ಎತ್ತಿ, ನಾಲ್ಕು ಕಿಲೋಮೀಟರಿಗೂ ಆಳಕ್ಕೆ ಒತ್ತಿ ತುಂಬಿದರು. ಉಪ್ಪು ಇಳಿಯಿತು, ಆದರೆ ಭೂಮಿ ನಡುಗಿತು. 2019ರ ಮಾರ್ಚ್‌ನಲ್ಲಿ 4.5 ತೀವ್ರತೆಯ ಕಂಪನವಾದ ಮೇಲೆ ಪಂಪು ನಿಲ್ಲಿಸಬೇಕಾಯಿತು. ಇಸ್ರೇಲ್ 1960ರ ದಶಕದಲ್ಲಿ ಗಲಿಲಾಯ ಸರೋವರದ ಉಪ್ಪು ಬುಗ್ಗೆಗಳನ್ನು ಕಾಲುವೆಗೆ ತಿರುಗಿಸಿತು. ಸರೋವರದ ಉಪ್ಪು ಇಳಿಯಿತು, ಆದರೆ ಆ ಉಪ್ಪುನೀರು ಬಿದ್ದದ್ದು ಕೆಳಗಿನ ಜೋರ್ಡನ್ ನದಿಗೆ. ಹಿಡಿದ ಉಪ್ಪನ್ನು ಎಲ್ಲಿಡುವುದು ಎಂಬ ಪ್ರಶ್ನೆ ಎಲ್ಲ ಕಡೆಯೂ ಉಳಿದಿದೆ.

ಬೆಣ್ಣಿಹಳ್ಳದ ಕಷ್ಟ ಇನ್ನೂ ದೊಡ್ಡದು. ಇಲ್ಲಿ ಒಡ್ಡು ಹಾಕಿ ಮುಚ್ಚಲು ಒಂದು ಬುಗ್ಗೆಯಿಲ್ಲ, ಮೈಲಿಗಟ್ಟಲೆ ದಂಡೆಯೇ ಜಿನುಗುತ್ತದೆ. ಹಾಗಾಗಿ ಕೆಲಸ ಹೊಲದಲ್ಲೇ ಶುರುವಾಗಬೇಕು. ಕಾಲುವೆ ನೀರನ್ನು ಹರಿಬಿಡದೆ ಹನಿ, ತುಂತುರಿನಲ್ಲಿ ಕೊಟ್ಟರೆ ಕೆಳಗಿಳಿದು ಉಪ್ಪು ಹೊತ್ತು ತರುವ ನೀರು ಕಡಿಮೆಯಾಗುತ್ತದೆ. ಜವಳಾದ ಹೊಲದಡಿ ತೂತುಳ್ಳ ಪೈಪು ಹೂತು ನೀರು ಬಸಿಯುವ ವಿಧಾನವನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಪರೀಕ್ಷಿಸಿದೆ. ಸೋಡಿಯಂ ಹೆಚ್ಚಿದ ಕ್ಷಾರ ಮಣ್ಣಿಗೆ ಜಿಪ್ಸಮ್ ಬೇಕು. ಆದರೆ ಬಸಿದ ಉಪ್ಪುನೀರನ್ನು ಮತ್ತೆ ಹಳ್ಳಕ್ಕೇ ಬಿಟ್ಟರೆ ಒಬ್ಬನ ಹೊಲ ಉಳಿದು ಕೆಳಗಿನ ಊರಿನ ನೀರು ಕೆಡುತ್ತದೆ. ಅದನ್ನು ಹೊಂಡದಲ್ಲಿ ತಡೆದು, ಹಳ್ಳ ತುಂಬಿ ಹರಿಯುವಾಗ ಮಾತ್ರ ಬಿಡುವ ವ್ಯವಸ್ಥೆ ಬೇಕು.

ಊರೂರಿನ ಶುದ್ಧ ನೀರಿನ ಘಟಕಗಳ ಲೆಕ್ಕವೂ ಇದೇ. ಲೀಟರಿಗೆ 500 ಮಿಲಿಗ್ರಾಂ ಒಳಗಿನ ಲವಣ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಘಟಕ ಆ ಮಿತಿಯೊಳಗಿನ ನೀರು ಕೊಡುತ್ತದೆ ನಿಜ. ಹೊರಚೆಲ್ಲುವ ನೀರಿನಲ್ಲಿ ಉಪ್ಪು ಇನ್ನಷ್ಟು ಗಟ್ಟಿಯಾಗಿರುತ್ತದೆ. ಗಟಾರಕ್ಕೆ ಬಿಟ್ಟದ್ದು ಕೊನೆಗೆ ಹಳ್ಳಕ್ಕೇ. ಎರಿಹೊಲಗಳ ಕೃಷಿಹೊಂಡದಲ್ಲಿ ನಿಲ್ಲುವ ಮಳೆನೀರಿಗೆ ಈ ತಾಪತ್ರಯವಿಲ್ಲ.

ಎಲ್ಲಕ್ಕಿಂತ ಮೊದಲು ಅಳತೆಯಾಗಬೇಕು. ನೀರಿನ ವಿದ್ಯುತ್ ವಾಹಕತೆ ತೋರಿಸುವ ಮೀಟರು ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಪ್ರೌಢಶಾಲೆಯ ಮಕ್ಕಳೂ ಅದನ್ನು ಓದಬಲ್ಲರು. ಮಾರ್ಚ್, ಏಪ್ರಿಲ್‌ನಲ್ಲಿ ಹಳ್ಳ ಸಣ್ಣಗಾದಾಗ ದುಂಡಶಿಯಿಂದ ಮಲಪ್ರಭೆಯ ಸಂಗಮದವರೆಗೆ ಪ್ರತಿ ಸೇತುವೆಯ ಕೆಳಗೂ ಅಳೆದು ಬರೆದಿಟ್ಟರೆ, ಎರಡು ಸೇತುವೆಗಳ ನಡುವೆ ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲಿನ ದಂಡೆಯಿಂದಲೇ ಕೆಲಸ ಶುರು ಮಾಡಬಹುದು.