ಹೊಸ ಬ್ಯಾಟರಿ ಕೊಳ್ಳುವ ಮುನ್ನ

ಹಾಲಿನ ರೂಟಿಗೆ ಹಳೆಯ ಡೀಸೆಲ್ ಲಾರಿ ಬಿಟ್ಟಿರುವ ಸದಸ್ಯರೇ, ಬೆಳಿಗ್ಗೆ ಲಾರಿ ಸ್ಟಾರ್ಟ್ ಆಗದಿದ್ದರೆ ಕ್ಯಾನಿನ ಹಾಲು ಕಾಯುವುದಿಲ್ಲ. ಡೇರಿ ಮುಟ್ಟುವಷ್ಟರಲ್ಲಿ ಅದು ಹುಳಿಯಾದರೆ ನಷ್ಟ ಹಾಲು ಹಾಕಿದ ಎಲ್ಲರಿಗೂ. ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಮೊದಲು ಕಾರಣ ಹುಡುಕಿರಿ. ಕಾರಣ ಉಳಿದರೆ ಹೊಸ ಬ್ಯಾಟರಿಯೂ ಇಳಿಯುತ್ತದೆ. 12 ವೋಲ್ಟಿನ ಲಾರಿಯಲ್ಲಿ ಹೀಗೆ ಪರೀಕ್ಷಿಸಿರಿ:

1. ಟರ್ಮಿನಲ್‌ಗಳ ಕಿಲುಬನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿ ಮಾಡಿ, ವ್ಯಾಸಲೀನ್ ಹಚ್ಚಿರಿ. ಅರ್ಥ್ ಕೇಬಲ್ಲನ್ನೂ ನೋಡಿರಿ. ಪ್ಲೇಟುಗಳು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇರಲಿ; ಬಾವಿಯ ನೀರು ಹಾಕಕೂಡದು.

2. ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಸಿರಿ. ರಾತ್ರಿ ಕಳೆದ ಮೇಲೆ ಮೀಟರು ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಅಷ್ಟು ಏರದಿದ್ದರೆ ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು, ಇಲ್ಲವೇ ಆಲ್ಟರ್ನೇಟರ್ ಕೆಟ್ಟಿರಬಹುದು.

3. ಎಂಜಿನ್, ಸ್ವಿಚ್‌ಗಳೆಲ್ಲ ಆರಿಸಿ ನೆಗೆಟಿವ್ ಕೇಬಲ್ ಕಳಚಿರಿ. ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬು ಜೋಡಿಸಿರಿ. ಉರಿದರೆ ಕರೆಂಟು ಸೋರುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಬಲ್ಬು ಆರುವುದೋ ಆ ಲೈನಿನಲ್ಲೇ ದೋಷ. ಆರದಿದ್ದರೆ ಆಲ್ಟರ್ನೇಟರಿನ ಡಯೋಡ್ ಪರೀಕ್ಷೆ ಮಾಡಿಸಿರಿ.

ಇವೆಲ್ಲ ಸರಿಯಿದ್ದೂ ಬ್ಯಾಟರಿ ಒಂದೇ ರಾತ್ರಿಯಲ್ಲಿ ಇಳಿದರೆ ಆಗ ಬದಲಿಸಿರಿ. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿ ಬೇಡ.