ಹಿನ್ನೀರಿನ ದಂಡೆಯಲ್ಲಿ ಹಳೆಯ ಕಟ್ಟಡಕ್ಕೆ ಹೊಸ ಬದುಕು

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯ ಸಾವಿರಾರು ಕುಟುಂಬಗಳು ನವನಗರಕ್ಕೆ ಸ್ಥಳಾಂತರಗೊಂಡವು. ಊರನ್ನು ಕಸಿದುಕೊಂಡ ಆ ನೀರಿನ ದಂಡೆಯೇ ಜನರು ಸೇರುವ ತಾಣವಾಗಬಲ್ಲುದೇ? ಉಳಿದಿರುವ ಹಳೆಯ ಕಟ್ಟಡಗಳು ಅದಕ್ಕೆ ನೆರವಾಗಬಲ್ಲವೇ?

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬ್ಯಾಂಕ್‌ಸೈಡ್ ಎಂಬ ವಿದ್ಯುತ್ ಸ್ಥಾವರವಿತ್ತು. 1981ರಲ್ಲಿ ಮುಚ್ಚಿದ ಆ ಕಟ್ಟಡವನ್ನು ಕೆಡವಲಿಲ್ಲ. 2000ದಲ್ಲಿ ಅದು ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯವಾಗಿ ತೆರೆದುಕೊಂಡಿತು. ಯಂತ್ರಗಳಿದ್ದ ವಿಶಾಲ ಸಭಾಂಗಣ ಸಾರ್ವಜನಿಕರಿಗೆ ಮುಕ್ತವಾಯಿತು. ನಿರ್ಜನ ದಂಡೆ ಜನನಿಬಿಡವಾಯಿತು.

ಇದರ ಕಾರಣ ಸರಳ. ಬರಿಯ ಉದ್ಯಾನಕ್ಕೆ ಜನರು ಬರುವುದು ಮುಂಜಾನೆ ಮತ್ತು ಸಂಜೆ ಮಾತ್ರ. ವಾಚನಾಲಯ, ವಸ್ತು ಪ್ರದರ್ಶನ, ನೇಕಾರರ ಮಳಿಗೆಗಳಿರುವ ಕಟ್ಟಡ ಜೊತೆಗಿದ್ದರೆ ದಿನವಿಡೀ ಓಡಾಟವಿರುತ್ತದೆ. ಓಡಾಟವಿದ್ದಲ್ಲಿ ಮಹಿಳೆಯರೂ ವೃದ್ಧರೂ ನಿರ್ಭಯವಾಗಿ ಕುಳಿತುಕೊಳ್ಳಬಹುದು. ಆದರೆ ಕಟ್ಟಡದ ಬಾಗಿಲು ಬೀದಿಗೂ ನೀರಿಗೂ ತೆರೆದಿರಬೇಕು. ನೆರಳು, ಕುಡಿಯುವ ನೀರು, ಶೌಚಾಲಯಗಳು ಇರಲೇಬೇಕು.

ನಮ್ಮ ಜಿಲ್ಲೆಯಲ್ಲಿ ಪಾಠಗಳಿಲ್ಲವೆಂದಲ್ಲ. ಜಲಾಶಯದ ನೀರಿನ ಮಟ್ಟ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಅಂಥ ದಂಡೆಗೆ ಎತ್ತರದ ಗೋಡೆಗಿಂತ ಬಾದಾಮಿಯ ಅಗಸ್ತ್ಯತೀರ್ಥದಲ್ಲಿರುವಂಥ ಮೆಟ್ಟಿಲುಗಳೇ ಸೂಕ್ತ: ನೀರು ಇಳಿದಷ್ಟೂ ಕೂರುವ ಜಾಗ ಹೆಚ್ಚುತ್ತದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಸುತ್ತಲೂ ಬಾವಿಯಂಥ ಗೋಡೆ ಕಟ್ಟಿ ಹಿನ್ನೀರಿನಿಂದ ರಕ್ಷಿಸಲಾಗಿದೆ. ಆದರೆ ಅಷ್ಟು ವೆಚ್ಚದ ರಕ್ಷಣೆ ಪ್ರತಿಯೊಂದು ಕಟ್ಟಡಕ್ಕೂ ಸಾಧ್ಯವಿಲ್ಲ.

ನಿರ್ವಹಣೆಯ ಪಾಠ ಮೈಸೂರಿನದು. 1905ರಲ್ಲಿ ನಿರ್ಮಾಣವಾದ, ಕುಕ್ಕರಹಳ್ಳಿ ಕೆರೆಯ ಸಮೀಪದ ಜಯಲಕ್ಷ್ಮಿ ವಿಲಾಸ ಅರಮನೆಯನ್ನು ಮೈಸೂರು ವಿಶ್ವವಿದ್ಯಾನಿಲಯ ಜಾನಪದ ವಸ್ತುಸಂಗ್ರಹಾಲಯವನ್ನಾಗಿಸಿತು. 2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡರೂ ಮುಂದೆ ಅದು ಮತ್ತೆ ಶಿಥಿಲವಾಯಿತು. ಒಮ್ಮೆ ದುರಸ್ತಿ ಮಾಡಿದರೆ ಸಾಲದು. ವರ್ಷವರ್ಷವೂ ಹಣ ಮೀಸಲಿಡಬೇಕು.

ಬಾಗಲಕೋಟೆಯ ಮಟ್ಟಿಗೆ ಎಲ್ಲಕ್ಕೂ ಮೊದಲ ಪ್ರಶ್ನೆ ಜಲಾಶಯದ ಮಟ್ಟದ್ದು. ಈಗಿನ ಗರಿಷ್ಠ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ಅವಕಾಶ ನೀಡಿದೆ. ಈ 4.656 ಮೀಟರಿನ ವ್ಯತ್ಯಾಸವೇ ಇಂದಿನ ದಂಡೆ ನಾಳೆಯೂ ದಂಡೆಯಾಗಿರುವುದೇ ಎಂಬುದನ್ನು ನಿರ್ಧರಿಸುತ್ತದೆ. ಆದ್ದರಿಂದ ಹೊಸ ಮಟ್ಟಕ್ಕಿಂತ ಮೇಲಿರುವ ಕಟ್ಟಡಗಳನ್ನು ಗುರುತಿಸಿ ಪಟ್ಟಿ ಮಾಡುವುದು ಮೊದಲ ಕೆಲಸವಾಗಬೇಕು. ಮುಳುಗುವುದನ್ನು ದಾಖಲಿಸೋಣ, ಉಳಿಯುವುದನ್ನಾದರೂ ಜನರಿಗೆ ತೆರೆಯೋಣ.