ಎಂಜಿನ್ ಇಲ್ಲದ ವಿಮಾನವೂ ಅದರ ಖರ್ಚೂ

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯನ್ನು ಆಶ್ರಯಿಸಿ ಹದ್ದು ರೆಕ್ಕೆ ಬಡಿಯದೆ ಸುತ್ತುವಂತೆ, ಅದೂ ಸುತ್ತುತ್ತ ಎತ್ತರಕ್ಕೇರುತ್ತದೆ. ತರಗತಿಯಲ್ಲಿ ನಾನು ಇದನ್ನು ವಿವರಿಸಿದಾಗಲೆಲ್ಲ ಮಕ್ಕಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇಂಧನವೇ ಬೇಡವಾದರೆ ಖರ್ಚೂ ಇಲ್ಲವಲ್ಲ, ಗುರುಗಳೇ?" ಅದಕ್ಕೆ ಇಲ್ಲಿ ಕೊಂಚ ವಿಸ್ತಾರವಾಗಿ ಉತ್ತರಿಸಬಯಸುತ್ತೇನೆ.

ಈ ಕ್ರೀಡೆ ಬೆಳೆದದ್ದೇ ಬಡತನದಲ್ಲಿ. 1919ರ ವರ್ಸೇಲ್ಸ್ ಒಪ್ಪಂದದ ನಂತರ ಜರ್ಮನಿಯಲ್ಲಿ ಎಂಜಿನ್ ವಿಮಾನಗಳ ತಯಾರಿಕೆಗೆ ಕಠಿಣ ನಿರ್ಬಂಧಗಳು ಬಂದವು. ವಿದ್ಯಾರ್ಥಿಗಳು ಮರ ಮತ್ತು ಬಟ್ಟೆಯಿಂದ ತಾವೇ ಗ್ಲೈಡರುಗಳನ್ನು ಕಟ್ಟಿದರು. 1920ರಲ್ಲಿ ವಾಸರ್‌ಕುಪ್ಪೆ ಬೆಟ್ಟದಲ್ಲಿ ಸ್ಪರ್ಧೆ ನಡೆಸಿದರು. ಗೆಳೆಯರು ರಬ್ಬರ್ ಹಗ್ಗವನ್ನು ಎಳೆದು, ಕವಣೆಯ ಕಲ್ಲಿನಂತೆ ಗ್ಲೈಡರನ್ನು ಗಾಳಿಗೆ ಚಿಮ್ಮಿಸುತ್ತಿದ್ದರು.

ಗ್ಲೈಡರನ್ನು ಮೇಲಕ್ಕೇರಿಸಲು ಇಂದು ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು, ಎಂಜಿನ್ ವಿಮಾನಕ್ಕೆ ಹಗ್ಗ ಕಟ್ಟಿ ಎಳೆಸುವುದು. ಇದರಿಂದ ಸಾಮಾನ್ಯವಾಗಿ 600 ಮೀಟರ್ ಎತ್ತರ ದೊರೆಯುತ್ತದೆ. ಆದರೆ ಆ ವಿಮಾನದ ಇಂಧನ, ದುರಸ್ತಿ, ವಿಮೆಗಳ ಭಾರವೆಲ್ಲ ಸಂಘದ ಮೇಲೆ ಬೀಳುತ್ತದೆ. ಎರಡನೆಯದು ವಿಂಚ್. ಮೈದಾನದ ಕೊನೆಯಲ್ಲಿ ನಿಂತ ಯಂತ್ರವು ಸುಮಾರು ಒಂದು ಕಿಲೋಮೀಟರ್ ಉದ್ದದ ಹಗ್ಗವನ್ನು ಸರಸರನೆ ಸುತ್ತಿಕೊಂಡಾಗ, ಗ್ಲೈಡರ್ ಗಾಳಿಪಟದಂತೆ 300ರಿಂದ 450 ಮೀಟರ್ ಎತ್ತರಕ್ಕೇರುತ್ತದೆ. ಎತ್ತರ ಕಡಿಮೆಯಾದರೂ ಇಂಧನದ ಖರ್ಚು ಬಹಳ ಅಲ್ಪ. ಸಣ್ಣ ಸಂಘಗಳು ವಿಂಚನ್ನು ನೆಚ್ಚಿರುವುದಕ್ಕೆ ಇದೇ ಕಾರಣ.

ನಿಜವಾದ ಹೊರೆ ಇರುವುದು ಬೇರೆಡೆ. ವಿಮೆ, ವಾರ್ಷಿಕ ತಪಾಸಣೆ, ಪ್ಯಾರಾಚೂಟಿನ ನಿರ್ವಹಣೆ, ಗ್ಲೈಡರುಗಳನ್ನಿಡುವ ಕೊಟ್ಟಿಗೆಯ ಬಾಡಿಗೆ ಇವು ಹಾರಿದರೂ ಹಾರದಿದ್ದರೂ ತಪ್ಪುವುದಿಲ್ಲ. ನಲವತ್ತು ಸದಸ್ಯರು ಹೊರುತ್ತಿದ್ದ ಭಾರ ಇಪ್ಪತ್ತು ಜನರ ಮೇಲೆ ಬಿದ್ದರೆ ತಲಾ ಪಾಲು ಇಮ್ಮಡಿಯಾಗುತ್ತದೆ. ಆಗ ಇನ್ನಷ್ಟು ಜನ ಬಿಡುತ್ತಾರೆ. ಜರ್ಮನಿಯ ಸಂಘಗಳಲ್ಲಿ ಸದಸ್ಯರು ಚಳಿಗಾಲದಲ್ಲಿ ಕಾರ್ಯಾಗಾರದಲ್ಲಿ ದುಡಿಯುತ್ತಾರೆ. ಶಿಕ್ಷಕರು ವೇತನವಿಲ್ಲದೆ ಕಲಿಸುತ್ತಾರೆ. ಹಣದ ಕೊರತೆಯನ್ನು ಶ್ರಮದಾನ ತುಂಬುತ್ತದೆ.

ಉಪಕರಣದ ವಿಷಯದಲ್ಲಿಯೂ ಒಂದು ಪಾಠವಿದೆ. ಅಗ್ಗದ ಹೊಸ ಗ್ಲೈಡರ್ ಬೇಕೆಂದು ಅಂತರರಾಷ್ಟ್ರೀಯ ವಿನ್ಯಾಸ ಸ್ಪರ್ಧೆ ನಡೆದು, ವಾರ್ಸಾದ ತಾಂತ್ರಿಕ ವಿಶ್ವವಿದ್ಯಾಲಯದ ಪಿಡಬ್ಲ್ಯೂ-5 ಆಯ್ಕೆಯಾಯಿತು. 1997ರಲ್ಲಿ ಅದರದೇ ವಿಶ್ವ ಚಾಂಪಿಯನ್‌ಷಿಪ್ ಸಹ ನಡೆಯಿತು. ಆದರೆ ಅದೇ ಬೆಲೆಯ ಆಸುಪಾಸಿನಲ್ಲಿ ಹೆಚ್ಚು ದೂರ ತೇಲುವ ಹಳೆಯ ಫೈಬರ್‌ಗ್ಲಾಸ್ ಗ್ಲೈಡರುಗಳು ಸಿಗುತ್ತಿದ್ದುದರಿಂದ ಆ ವರ್ಗ ಬಾಳಲಿಲ್ಲ. ಹಳೆಯ ಗ್ಲೈಡರುಗಳಿಗೆ ಅವುಗಳ ಸಾಮರ್ಥ್ಯಕ್ಕೆ ತಕ್ಕಂತೆ ಅಂಕ ಹೊಂದಿಸುವ 'ಕ್ಲಬ್ ಕ್ಲಾಸ್' ಮಾತ್ರ ಉಳಿದು ಬೆಳೆಯಿತು. ಚೆನ್ನಾಗಿ ಕಾಪಾಡಿದ ಹಳೆಯ ವಸ್ತುವೇ ಬಡ ಸಂಘದ ಬಂಡವಾಳ.

ನಮ್ಮ ಸೊಲ್ಲಾಪುರ ಸೀಮೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಗಡಿಯ ಕನ್ನಡ ಶಾಲೆಯ ಲೆಕ್ಕವೂ ಇದೇ. ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯಗಳ ವೆಚ್ಚ ಮಕ್ಕಳ ಸಂಖ್ಯೆ ಇಳಿದೊಡನೆ ಇಳಿಯುವುದಿಲ್ಲ. ದೇಣಿಗೆ ಕೊಡುವವರು ಕೊಡಲಿ. ಆಗದವರು ರಜೆಯಲ್ಲಿ ಬಂದು ಒಂದು ಪಾಠ ಹೇಳಲಿ, ಒಂದು ಬೆಂಚನ್ನು ದುರಸ್ತಿ ಮಾಡಲಿ. ಎಲ್ಲಕ್ಕಿಂತ ಮಿಗಿಲಾಗಿ, ನಿಮ್ಮ ಮನೆಯ ಮಗುವನ್ನು ಇಲ್ಲಿಗೆ ಕಳುಹಿಸಿರಿ.